ಹಾಡುವಾಕೆಯ ಪುಣ್ಯತಿಥಿ

ನಮ್ಮ ಸೊಲ್ಲಾಪುರದ ಮನೆಯಲ್ಲಿ ಪುಣ್ಯತಿಥಿಗಳಿಗೆ ಬರವಿರಲಿಲ್ಲ. ಅಜ್ಜನದು, ಮುತ್ತಜ್ಜನದು, ಮನೆತನದ ಗುರುಗಳದು, ಹೀಗೆ ತಿಂಗಳಿಗೊಂದಾದರೂ ಬರುತ್ತಿತ್ತು. ಎಪ್ಪತ್ತರ ದಶಕ ಶುರುವಾದ ಹೊಸತರಲ್ಲಿ ನಾನೂ ಅಕ್ಕನೂ ಅವಕ್ಕೆ ಇನ್ನೊಂದನ್ನು ಗುಟ್ಟಾಗಿ ಸೇರಿಸಿದೆವು. ಅದು ಸಮುದ್ರದಾಚೆಯ ಒಬ್ಬ ರಾಕ್ ಗಾಯಕಿಯದು.

ಆಕೆಯ ರೆಕಾರ್ಡನ್ನೂ ಅದನ್ನು ನುಡಿಸುವ ಪೆಟ್ಟಿಗೆಯನ್ನೂ ಮುಂಬಯಿಯ ಸೋದರಮಾವ ತಂದುಕೊಟ್ಟಿದ್ದರು. ಕೆಳಗೆ ಅಪ್ಪನ ಚಾದರದ ಅಂಗಡಿ, ಮೇಲೆ ಮನೆ. ಮಧ್ಯಾಹ್ನ ಊಟ ಮುಗಿದು ಅವ್ವ ಅಡ್ಡಾದಳೆಂದರೆ ನಾವು ಮಾಳಿಗೆ ಹತ್ತಿ ಅದನ್ನು ಹಚ್ಚುತ್ತಿದ್ದೆವು. ರೆಕಾರ್ಡಿನ ಚೀಲದ ಮೇಲೆ ಆಕೆ ತಲೆಗೂದಲು ಕೆದರಿಕೊಂಡು ನಿಂತ ಚಿತ್ರವಿತ್ತು. ಅವ್ವ ಅದನ್ನು ಒಮ್ಮೆ ನೋಡಿ, "ಪಾಪ, ಇಕಿ ತಲಿಗಿ ಎಣ್ಣಿ ಹಚ್ಚವ್ರು ಯಾರೂ ಇಲ್ಲೇನು?" ಎಂದಿದ್ದಳು.

ಆಕೆಯದು ಥಾನಿನಿಂದ ಬಟ್ಟೆ ಹರಿದಂಥ ದನಿ. ಅಕ್ಕನದೂ ಹಾಗೆಯೇ ದಪ್ಪ ದನಿ. ಅದಕ್ಕಾಗಿಯೇ ಅವಳನ್ನು ಭಜನೆಯಲ್ಲಿ ಹಿಂದೆ ಕೂರಿಸುತ್ತಿದ್ದರು. ಈ ರೆಕಾರ್ಡಿನ ಮೊದಲ ಹಾಡಿನ ಜೊತೆ ಮಾತ್ರ ಅಕ್ಕ ಗಂಟಲು ಬಿಚ್ಚಿ ಹಾಡುತ್ತಿದ್ದಳು. ಅರ್ಥ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ನನಗೆ ಹಾಡಲು ಬರುತ್ತಿರಲಿಲ್ಲ. ಅವಳು ಹಾಡುವುದನ್ನು ನೋಡುತ್ತ ಕೂರುವುದೇ ನನ್ನ ಸುಖವಾಗಿತ್ತು.

ಆಕೆ ಸತ್ತ ಸುದ್ದಿ ನಮಗೆ ಮುಟ್ಟಿದ್ದು ಮುಂಬಯಿಯಿಂದ ಬಂದ ಮಾಲಿಗೆ ಸುತ್ತಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯಿಂದ. ಅಷ್ಟೊತ್ತಿಗೆ ಒಂದು ತಿಂಗಳು ಕಳೆದುಹೋಗಿತ್ತು. ಅಕ್ಕ ನಿಂತಲ್ಲೇ ಅದನ್ನು ಮೂರು ಸಲ ಓದಿದಳು. ಆಮೇಲೆ ಅಂಗಡಿಯ ಪಂಚಾಂಗ ತೆಗೆದು ತಾರೀಖಿಗೆ ತಿಥಿ ಹುಡುಕಿದಳು. ಕಾರ್ತಿಕ ವದ್ಯ ಪಂಚಮಿ. "ನಮ್ಮ ಮನ್ಯಾಗ ಯಾರದ ತಾರೀಖು ಹಿಡದಾರ? ತಿಥೀನೇ ಹಿಡಿಯೂಣು" ಎಂದಳು. ಮುಂದಿನ ವರ್ಷ ಆ ದಿನ ಮಾಳಿಗೆಯಲ್ಲಿ ಊದುಬತ್ತಿ ಹಚ್ಚಿ, ಬೆಲ್ಲ ಇಟ್ಟು, ಮೂರು ಗಂಟೆಗೆ ರೆಕಾರ್ಡು ಹಾಕಿದೆವು. ಈಗ ನಗು ಬರುತ್ತದೆ. ಆಗ ಒಬ್ಬರ ಮುಖ ಒಬ್ಬರು ನೋಡಲಾಗದಷ್ಟು ಅಳು ಬಂದಿತ್ತು.

ಮರುವರ್ಷವೇ ಅಕ್ಕನನ್ನು ಅಕ್ಕಲಕೋಟೆ ತಾಲ್ಲೂಕಿನ ಕರಜಗಿಗೆ ಕೊಟ್ಟರು. ಹೊಲ, ಕುರಿ, ತುಂಬಿದ ಮನೆ. ಆದರೆ ಆ ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ರೆಕಾರ್ಡಿನ ಪೆಟ್ಟಿಗೆ ನನ್ನ ಬಳಿಯೇ ಉಳಿಯಿತು. ಹೊರಡುವ ದಿನ ಅಕ್ಕ, "ಪಂಚಮಿ ದಿನ ಮೂರಕ್ಕ ನೀ ಇಲ್ಲಿ ಹಚ್ಚು, ನಾ ಅಲ್ಲಿ ಹಾಡ್ತೀನಿ" ಎಂದಳು. ಮೂರು ವರ್ಷ ನಾನು ತಪ್ಪದೆ ಹಚ್ಚಿದೆ. ಪೆಟ್ಟಿಗೆ ಹಾಡುತ್ತಿತ್ತು, ಅಕ್ಕ ಕೂರುತ್ತಿದ್ದ ಜಾಗ ಬರಿದಾಗಿರುತ್ತಿತ್ತು. ನನಗೆ ಬೇಕಾದದ್ದು ಆ ಗಾಯಕಿಯ ದನಿಯಲ್ಲ, ಅಕ್ಕನದು.

ನಾಲ್ಕನೆಯ ವರ್ಷ ತಾಳಲಾರದೆ, ಪಂಚಮಿಯ ಬೆಳಿಗ್ಗೆ ಅವ್ವನಿಗೆ ಏನೋ ಸಬೂಬು ಹೇಳಿ ಎಸ್‌ಟಿ ಬಸ್ಸು ಹತ್ತಿದೆ. ಮಧ್ಯಾಹ್ನ ಮೂರಕ್ಕೆ ಅವಳ ಬಾಯಿಂದಲೇ ಆ ಹಾಡು ಕೇಳಬೇಕು, ಅಷ್ಟೇ ಆಸೆ.

ಕರಜಗಿಯ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು. ನಡುವೆ ಕಳಸ, ಕಾಯಿ, ಶೇಂಗಾದ ಹೋಳಿಗೆ. ಅಕ್ಕನ ಅತ್ತೆ ಎದ್ದು ಬಂದು ನನ್ನ ಕೈ ಹಿಡಿದರು.

"ಬಾ ಅವ್ವಾ, ಛಲೋ ದಿನ ಬಂದಿ. ನಿಮ್ಮ ತವರಮನಿ ಶರಣೀ ಪುಣ್ಯತಿಥಿ ಈಗ ನಮ್ಮ ಓಣಿಗೆಲ್ಲಾ ನಡದದ."

ನಾನು ಅಕ್ಕನ ಕಡೆ ನೋಡಿದೆ. ಅವಳು ನೆಲ ನೋಡಿದಳು.

ಅತ್ತೆಯೇ ಕತೆ ಹೇಳಿದರು. ಮೊದಲ ವರ್ಷ ಸೊಸೆ ಜೋಳದ ಚೀಲಗಳ ಹಿಂದೆ ಕೂತು ಗುಣುಗುತ್ತ ಅಳುತ್ತಿದ್ದಳಂತೆ. ಕೇಳಿದರೆ, ಒಬ್ಬ ಹಾಡುವಾಕೆಯ ಪುಣ್ಯತಿಥಿ, ತವರಿನಲ್ಲಿ ಆ ದಿನ ಹಾಡುತ್ತೇವೆ ಎಂದಳಂತೆ. "ಒಬ್ಬಾಕಿನೇ ಕೂತು ಅಳೂದ್ಯಾಕ? ನಾಕು ಮಂದಿ ಕೂಡಿ ಮಾಡೂಣು ಅಂದೆ." ಆ ಮಾತಿನಲ್ಲಿ ಬರೀ ಪ್ರೀತಿಯಿತ್ತು. ಆದರೂ ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಒಳ್ಳೆಯವರ ಮೇಲೆ ಸಿಟ್ಟಾಗುವುದು ಹೇಗೆಂದು ತಿಳಿಯದೆ ಹೋಳಿಗೆ ತಿಂದೆ.

ಮೂರು ಗಂಟೆಗೆ ಭಜನೆ ಶುರುವಾಯಿತು. ಅಕ್ಕನೂ ಹಾಡಿದಳು. ಎಲ್ಲರ ನಡುವೆ ಒಬ್ಬಳಾಗಿ, ದನಿ ಮೆತ್ತಗೆ ಮಾಡಿ, ಎಲ್ಲೂ ಒರಟಾಗದಂತೆ ಹಾಡಿದಳು. ನಮ್ಮ ಮಾಳಿಗೆಯಲ್ಲಿ ಕೇಳಿದ ಆ ದನಿ ಈಗ ಬಂದೀತು, ಆಗ ಬಂದೀತು ಎಂದು ನಾನು ಕೊನೆಯತನಕ ಕಾದೆ. ಅದು ಬರಲೇ ಇಲ್ಲ.

ಹೆಂಗಸರು ಎದ್ದುಹೋದ ಮೇಲೆ ಹಿತ್ತಿಲಲ್ಲಿ ಇಬ್ಬರೂ ಪಾತ್ರೆ ತಿಕ್ಕುತ್ತ ಕೂತೆವು. ಅಲ್ಲಿ ಯಾರೂ ಇರಲಿಲ್ಲ.

"ಅಕ್ಕಾ, ಆ ಹಾಡು ಒಮ್ಮಿ ಹಾಡ. ಅದಕ್ಕಂತನೇ ಬಂದೀನಿ."

ಅಕ್ಕ ಕೈ ತೊಳೆದುಕೊಂಡಳು. ಮೊದಲ ಸಾಲು ಹಾಡಿದಳು. ಎರಡನೆಯದಕ್ಕೆ ನಿಂತಳು. ಮತ್ತೆ ಮೊದಲಿಂದ ಹಿಡಿದಳು, ಮತ್ತೆ ಅಲ್ಲೇ ನಿಂತಳು. "ಮುಂದ ಏನು?" ಎಂದು ನನ್ನನ್ನೇ ಕೇಳಿದಳು. ನನ್ನ ಕೆಟ್ಟ ಕಂಠದಲ್ಲಿ ನಾನು ಹಾಡಿ ತೋರಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು, ಜೊತೆಗೆ ಹಾಡಲಿಲ್ಲ. ನಾನು ನಿಲ್ಲಿಸಿದ ಮೇಲೆ ಕಣ್ಣು ತೆರೆದು ಕೇಳಿದಳು.

"ಇವತ್ತ ಅಲ್ಲಿ ರೆಕಾರ್ಡ್ ಯಾರು ಹಚ್ಚಿದ್ರು?"

"ಯಾರೂ ಇಲ್ಲ. ನಾ ಇಲ್ಲೇ ಇದ್ದೀನಲ್ಲ."

"ಹಂಗಂದ್ರ ಇವತ್ತ ಹಾಡು ಆಗೇ ಇಲ್ಲ" ಎಂದಳು. ಬೈಯುವ ದನಿಯಲ್ಲ ಅದು. "ನಾ ಇವರ ಕೂಡ ಭಜನಿ ಮಾಡೂ ಮುಂದ, ಈಗ ಅಲ್ಲಿ ಆಕಿ ಹಾಡಾಕತ್ತಾಳ ಅಂತ ಅನ್ಕೋತ ಇರ್ತೀನಿ. ಅಷ್ಟರ ಮ್ಯಾಲೆ ಒಂದ ವರ್ಷ ನಡೀತದ. ಇನ್ನ ಈ ದಿನ ನೀ ಬರಬ್ಯಾಡ, ತಂಗಿ. ಬ್ಯಾರೆ ಯಾವಾಗರ ಬಾ."

ಸಂಜೆಯ ಬಸ್ಸಿಗೆ ಹೊರಟೆ. ಅಕ್ಕ ನಿಲ್ದಾಣದವರೆಗೆ ಬಂದು, ಬಸ್ಸು ಹೊರಡುವತನಕ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಆಮೇಲೆ ಎಷ್ಟೋ ಸಲ ಕರಜಗಿಗೆ ಹೋದೆ, ಅವಳ ಬಾಣಂತನಕ್ಕೆ, ಮಕ್ಕಳ ಜಾವಳಕ್ಕೆ. ಆದರೆ ನನಗೆ ಅವಳು ಎಲ್ಲಕ್ಕಿಂತ ಹೆಚ್ಚು ಬೇಕೆನಿಸುತ್ತಿದ್ದ ಆ ಒಂದು ದಿನ ಮಾತ್ರ ಮತ್ತೆಂದೂ ಹೋಗಲಿಲ್ಲ.