ಬಿಸಿಲು ತಿಂದ ಬಲಗಿವಿ

ಬೆಳಿಗ್ಗೆ ಆರೂವರೆ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಹಲ್ಲಿನ ವಿಭಾಗದ ಪಕ್ಕದ ಕಿರುಕೋಣೆಯಲ್ಲಿ, ಅವರು ಆಗಲೇ ಕಿಟಕಿಗೆ ಮುಖಮಾಡಿ ಕುಳಿತಿದ್ದಾರೆ. ಎಡ ಅಂಗೈಯಲ್ಲಿ ಒಂದು ಕಿವಿ, ಬಲಗೈಯಲ್ಲಿ ನಾಲ್ಕೇ ಕೂದಲಿನ ಕುಂಚ. ಸಿಲಿಕೋನ್ ಕಿವಿಯ ಅಂಚಿಗೆ ನಸುಗೆಂಪು ತಾಗಿಸುತ್ತಾರೆ, ದೂರ ಹಿಡಿದು ನೋಡುತ್ತಾರೆ, ಮನಸ್ಸಿಗೆ ಬಾರದೆ ಒರೆಸಿಬಿಡುತ್ತಾರೆ.

"ಟ್ಯೂಬ್‌ಲೈಟ್ ಕೆಳಗೆ ಬಣ್ಣ ಹಾಕಿದ್ರೆ ಮೋಸ ಹೋಗ್ತೀವಿ. ಇಲ್ಲಿ ಸರಿ ಕಾಣುತ್ತೆ, ಬೀದಿಗೆ ಹೋದ ತಕ್ಷಣ ಗೊಂಬೆ ಕಿವಿ ಆಗುತ್ತೆ. ಬೆಳಗಿನ ಈ ಎರಡು ಗಂಟೆ ಬೆಳಕೇ ನಂಗೆ ಬಂಡವಾಳ."

ಚರ್ಮದ ಕ್ಯಾನ್ಸರಿನಿಂದ ಕಿವಿ ಕಳೆದುಕೊಂಡವರಿಗೆ ಕಿವಿ ಮಾಡಿಕೊಡುವ ಈ ಐವತ್ತೆಂಟರ ಹೆಂಗಸು ವಾರ್ಡಿಗೆಲ್ಲ 'ಕಿವಿ ಅಕ್ಕ'. ಸರ್ಜನ್‌ಗಳ ಹೆಸರು ಹಜಾರದ ಹಲಗೆಯ ಮೇಲಿದೆ; ಅಕ್ಕನ ಬಾಗಿಲ ಮೇಲೆ ಇನ್ನೂ 'ಸಾಮಾನು ಕೊಠಡಿ' ಎಂದೇ ಇದೆ.

ಅಕ್ಕನ ಕೈ ಪಳಗಿದ್ದು ಅಪ್ಪನ ಫೋಟೋ ಸ್ಟುಡಿಯೋದಲ್ಲಿ. ಕಪ್ಪು-ಬಿಳುಪು ಫೋಟೋಗಳಿಗೆ ಕೈಯಿಂದಲೇ ಬಣ್ಣ ಹಚ್ಚುತ್ತಿದ್ದ ಕಾಲ. ಬೆಂಕಿಕಡ್ಡಿಗೆ ಸುತ್ತಿದ ಹತ್ತಿ, ಎಣ್ಣೆಬಣ್ಣದ ವಾಸನೆ, ಮಗ್ಗುಲಲ್ಲಿ ಅಪ್ಪನ ಉಸಿರು. "ಕೆನ್ನೆಗೆ ಯಾರು ಬೇಕಾದ್ರೂ ಹಚ್ತಾರೆ ಮಗಳೇ, ಕಿವಿಗೆ ಹಚ್ಚು ನೋಡೋಣ ಅಂತಿದ್ರು. ಅದರಾಚೆ ಬೆಳಕಿದ್ರೆ ಕಿವಿ ಕೆಂಪಾಗುತ್ತೆ ಅಂತ ತೋರಿಸಿಕೊಟ್ಟಿದ್ದೇ ಅವರು." ಕಲರ್ ಫಿಲ್ಮ್ ಬಂತು, ಸ್ಟುಡಿಯೋಗೆ ಬೀಗ ಬಿತ್ತು. ಅಲ್ಲಿಗೆ ಬರುತ್ತಿದ್ದ ಹಲ್ಲಿನ ಡಾಕ್ಟರೊಬ್ಬರು ಕಟ್ಟುಹಲ್ಲಿನ ವಸಡಿಗೆ ಬಣ್ಣ ಹಾಕಲು ಕರೆದರು. ವಸಡಿನಿಂದ ಕಿವಿಗೆ ಬಂದು ಇಪ್ಪತ್ತಾರು ವರ್ಷ. ಉಳಿದ ಕಿವಿಯನ್ನು ನೋಡಿಕೊಂಡು ಮೇಣದಲ್ಲಿ ಅದರ ಜೋಡಿ ಕೆತ್ತಬೇಕು, ಅಚ್ಚು ತೆಗೆಯಬೇಕು, ನರಗಳಿಗೆ ಕೆಂಪು ನೂಲಿನ ಎಳೆ ಕೂರಿಸಬೇಕು. ಒಂದಕ್ಕೆ ಎರಡು ವಾರ. ಇದುವರೆಗೆ ಆರುನೂರು ದಾಟಿದೆ.

ಆ ಆರುನೂರರಲ್ಲಿ ಅಕ್ಕ ಮರೆಯದ್ದು ಒಬ್ಬ ಬಸ್ ಡ್ರೈವರ್ ಕಿವಿ. ಮೂವತ್ತು ವರ್ಷ ಕಿಟಕಿ ಪಕ್ಕ ಬಿಸಿಲು ಹೊಡೆಸಿಕೊಂಡ ಬಲಗಿವಿಯಲ್ಲಿ ಮಾಯದ ಹುಣ್ಣು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದಾಯಿತು. ಹೊರಗಿವಿಯನ್ನು ಪೂರ್ತಿ ತೆಗೆಯಬೇಕಾಯಿತು. ಕೇಳಿಸುವುದೇನೋ ಕೇಳಿಸುತ್ತಿತ್ತು, ಕನ್ನಡಕ ಮಾತ್ರ ನಿಲ್ಲುತ್ತಿರಲಿಲ್ಲ. ತಲೆಗೆ ಮಫ್ಲರ್ ಸುತ್ತಿಕೊಂಡು ಎಂಟು ತಿಂಗಳು, ಆಸ್ಪತ್ರೆ ಬಿಟ್ಟರೆ ಮನೆಯಿಂದ ಹೊರಬೀಳಲೇ ಇಲ್ಲ. ಗಾಯ ಮಾಗಿದ ಮೇಲೆ ಸರ್ಜನ್ ಮೂಳೆಗೆ ಎರಡು ಪುಟ್ಟ ತಿರುಪು ಕೂರಿಸಿದರು. ಅವಕ್ಕೆ ಆಯಸ್ಕಾಂತದಿಂದ ಕಚ್ಚಿಕೊಳ್ಳುವ ಕಿವಿ ಅಕ್ಕನ ಪಾಲಿನ ಕೆಲಸ.

ಮೊದಲ ಕಿವಿ ಹಾಕಿಕೊಂಡು ಕನ್ನಡಿ ನೋಡಿದ ಡ್ರೈವರ್, "ಚೆನ್ನಾಗಿದೆ ಅಕ್ಕ. ಆದ್ರೆ ನಂದಲ್ಲ" ಎಂದು ತೆಗೆದಿಟ್ಟುಬಿಟ್ಟರು. ಎಡಗಿವಿಗೆ ಸರಿಜೋಡಿಯಾಗಿಯೇ ಮಾಡಿದ್ದ ಅಕ್ಕನಿಗೆ ಎಲ್ಲಿ ತಪ್ಪಿದೆ ತಿಳಿಯಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಅವರ ಹೆಂಡತಿ ಎದ್ದು ಬಂದರು.

"ಎಡಗಿವಿ ನೆರಳಲ್ಲಿ ಬೆಳೆದಿದ್ದು ಅಕ್ಕ. ಇದು ಬಿಸಿಲು ತಿಂದಿದ್ದು, ಕಪ್ಪಗಿತ್ತು. ಸ್ವಲ್ಪ ಹೊರಗೆ ಚಾಚ್ಕೊಂಡೂ ಇತ್ತು. ಇಷ್ಟು ವರ್ಷ ಅದರೊಳಗೇ ಕೂಗಿದ್ದೀನಿ, ನಂಗೊತ್ತಿಲ್ವಾ?" ಆಮೇಲೆ ಗಂಡನ ಕಡೆ ನೋಡಿ, "ನಾನು ಹೇಳಿದ್ದೆಲ್ಲ ಆ ಕಿವೀಲಿ ಕೇಳಿ ಈ ಕಿವೀಲಿ ಬಿಡ್ತಿದ್ರು. ಈಗ ಪಾಪ, ಬಿಡೋಕೂ ಕಿವಿ ಇಲ್ಲ" ಎಂದರು.

ಡ್ರೈವರ್ ನಕ್ಕರು. ನಗುತ್ತಲೇ ಅತ್ತರು.

ಅಕ್ಕ ಮತ್ತೆ ಮೇಣ ಹಿಡಿದರು. ಬಣ್ಣ ಹಾಕುವ ನಾಲ್ಕು ಬೆಳಗೂ ಆ ಹೆಂಗಸು ಪಕ್ಕದಲ್ಲಿ ಕುಳಿತು, "ಇನ್ನೊಂಚೂರು ಕಪ್ಪು... ಸಾಕು, ಸಾಕು" ಎನ್ನುತ್ತಿದ್ದರಂತೆ. "ಅಪ್ಪ ಹೋದ ಮೇಲೆ ನನ್ನ ಕೆಲಸಾನ ಅಷ್ಟು ಹತ್ರದಿಂದ ನೋಡ್ದೋರು ಅವರೊಬ್ಬರೇ" ಎನ್ನುವಾಗ ಅಕ್ಕನ ದನಿ ತಗ್ಗುತ್ತದೆ.

ಎರಡನೇ ಕಿವಿ ಹಾಕಿಕೊಂಡ ಡ್ರೈವರ್, ಕನ್ನಡಕ ಏರಿಸಿ ಸೀದಾ ಬಸ್ ನಿಲ್ದಾಣಕ್ಕೆ ಹೋದರು. ಜೊತೆಗೆ ದುಡಿದಿದ್ದ ಕಂಡಕ್ಟರ್ ಹಿಡಿದು ನಿಲ್ಲಿಸಿಕೊಂಡ. ಸಂಜೆ ಅಕ್ಕನಿಗೆ ಫೋನ್ ಬಂತು: "ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಅರ್ಧ ಗಂಟೆ ಬೈದ ಅಕ್ಕ! ಕಿವಿ ಮಾತು ಎತ್ತಲೇ ಇಲ್ಲ. ಅವನಿಗೆ ಗೊತ್ತೇ ಆಗ್ಲಿಲ್ಲ!"

ನಿಮಗೇನಾದರೂ ಆಸೆ ಇದೆಯೇ ಎಂದು ಹೊರಡುವ ಮುನ್ನ ಕೇಳುತ್ತೇನೆ. ಅಕ್ಕ ಎದುರಿಗೆ ಏಳುತ್ತಿರುವ ಹೊಸ ಕಟ್ಟಡದತ್ತ ಕುಂಚ ತೋರಿಸುತ್ತಾರೆ.

"ಅದಕ್ಕೆ ಗುಲಾಬಿ ಬಣ್ಣ ಹೊಡೀತಾರಂತೆ. ನಿಮ್ಮ ಪೇಪರಲ್ಲಿ ಬರೀರಿ, ಬಿಳಿ ಸಾಕು ಅಂತ. ಆ ಗೋಡೆ ಬೆಳಕು ಇಲ್ಲಿಗೆ ಬಿದ್ರೆ ನನ್ನ ಕಿವಿಗಳಿಗೆಲ್ಲ ಜ್ವರ ಬಂದ ಹಾಗೆ ಕಾಣುತ್ತೆ."