ಅಳಿಸಿದ ಹಳ್ಳ

ಭೂಗೋಳ ಓದಿದವಳು ಎಂದರೆ ನಮ್ಮ ಧಾರವಾಡದ ನೆಂಟರಿಗೆ ದೇಶಗಳ ರಾಜಧಾನಿ ಬಾಯಿಪಾಠ ಇರುವವಳು. ಪುಣೆಯ ನಮ್ಮ ನಕ್ಷೆ ಕಚೇರಿಗೆ ಕಂಪ್ಯೂಟರಿನಲ್ಲಿ ಗೆರೆ ಎಳೆಯುವವಳು. ಕಾಲು ಸವೆಸುವುದೂ ಈ ವಿದ್ಯೆಯ ಭಾಗ ಎಂದರೆ ಎರಡೂ ಕಡೆಯವರು ನಗುತ್ತಾರೆ.

ಪುಣೆ ಹತ್ತಿರದ ಚಾಕಣದಾಚೆ ಗೋದಾಮೊಂದಕ್ಕೆ ಜಾಗದ ನಕ್ಷೆ ಮಾಡಬೇಕಿತ್ತು. ಬೇಸಿಗೆಯಲ್ಲಿ ತೆಗೆದ ಉಪಗ್ರಹ ಚಿತ್ರದಲ್ಲಿ ಬರೀ ಬಯಲು. ಹೋಗಿ ನಡೆದು ನೋಡಿದೆ. ನೀರಿನ ದಂಡೆಗೆ ಬೆಳೆಯುವ ಲಕ್ಕಿ ಗಿಡದ ಸಾಲು, ರಸ್ತೆಯಡಿ ಮೋರಿ, ಜಾಲಿಯ ಕೊಂಬೆಗಳಲ್ಲಿ ಸೊಂಟದೆತ್ತರಕ್ಕೆ ಸಿಕ್ಕಿಕೊಂಡ ಒಣಹುಲ್ಲು. ಮಳೆಗಾಲದಲ್ಲಿ ಇಲ್ಲಿ ಹಳ್ಳ ಹರಿಯುತ್ತದೆ ಎನ್ನಲು ಇನ್ನೇನು ಬೇಕು? ಪಕ್ಕದ ತಗ್ಗಿನಲ್ಲಿ ಕಾರ್ಖಾನೆಯ ಕೂಲಿಗಳ ತಗಡಿನ ಶೆಡ್ಡುಗಳು. ಹಳ್ಳ ಮುಚ್ಚಿದರೆ ನೀರು ಅವರ ಮನೆಗೇ ನುಗ್ಗುತ್ತದೆ. ನಕ್ಷೆಯಲ್ಲಿ ಹಳ್ಳ ಬರೆದೆ.

ನಮ್ಮ ಸಾಹೇಬರು ಬೆಳಗಾವಿಯವರು. ಹುಕುಂ ಎಲ್ಲ ಮರಾಠಿಯಲ್ಲಿ. ಕನ್ನಡಕ್ಕೆ ಇಳಿದರೆಂದರೆ ಏನೋ ಹೊಲಸು ಕೆಲಸ ಇದೆ ಎಂದೇ ಲೆಕ್ಕ.

“ಅಕ್ಕಾರ, ನೀವು ನಮ್ಮ ಕಡಿಯವರು, ಅದಕ್ಕ ಹೇಳ್ತೀನ್ರಿ. ಚಿತ್ರದಾಗ ಇಲ್ಲದ ಹಳ್ಳ ನಕ್ಷೆದಾಗ ಯಾಕ್ರಿ? ಗೋದಾಮಿನವರು ಭಾಳ ಸಿಟ್ಟಾಗ್ಯಾರ.”

“ನೆಲದ ಮ್ಯಾಲೆ ಅದ ಅಲ್ರಿ,” ಎಂದೆ. ಅಳಿಸಲು ಒಪ್ಪಲಿಲ್ಲ. ಮರುದಿನ ಬೇರೊಬ್ಬರ ಕೈಯಲ್ಲಿ ಅಳಿಸಿಸಿದರು. ಅದಕ್ಕೇನು, ಒಂದು ಗುಂಡಿ ಒತ್ತಿದರಾಯಿತು. ಎಲ್ಲರ ಮುಂದೆ ನನಗೆ ಹೊಂದಿಕೊಂಡು ಹೋಗುವ ಕೌಶಲ ಸಾಲದು ಎಂದರು. ಹೌದು, ನನಗಿಲ್ಲ. ಅಂಥ ಕೌಶಲಕ್ಕಿಷ್ಟು ಬೆಂಕಿ ಬೀಳಲಿ.

ಹಳ್ಳ ಮುಚ್ಚಿ ಗೋದಾಮು ಎದ್ದಿತು. ಮುಂದಿನ ಮಳೆಗಾಲ ನೀರು ಶೆಡ್ಡುಗಳಿಗೆ ನುಗ್ಗಿತು. ಪುಣ್ಯಕ್ಕೆ ಜೀವ ಹೋಗಲಿಲ್ಲ. ಪಾತ್ರೆ, ಹಾಸಿಗೆ, ಹಿಟ್ಟಿನ ಡಬ್ಬಿ ಎಲ್ಲ ಹೋದವು. ನಾನೇ ಹೋಗಿ ನೋಡಿ ಬಂದೆ.

ಆ ವಾರವೇ ಸಾಹೇಬರು ನನ್ನ ಮೇಜಿಗೆ ಬಂದರು. “ನೀರು ಹೊಕ್ಕ ಜಾಗದ ನಕ್ಷೆ ಮಾಡೋ ಕೆಲಸ ಸರಕಾರದಿಂದ ನಮಗ ಸಿಕ್ಕದ್ರಿ. ಆ ಹಳ್ಳ ಎಲ್ಲಿತ್ತು ಅನ್ನೋದು ನಿಮಗೊಬ್ಬರಿಗೇ ಗೊತ್ತು.”

ನಿಮ್ಮ ನಕ್ಷೆಯಲ್ಲೇ ಹುಡುಕಿಕೊಳ್ಳಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಶೆಡ್ಡಿನವರು ಇನ್ನೂ ಅಲ್ಲೇ ಇದ್ದರು. ಈ ಸಲವಾದರೂ ಹಳ್ಳ ಕಾಗದದ ಮೇಲೆ ಉಳಿದರೆ ಪರಿಹಾರ ಕೇಳುವ ಅವರ ಮಾತಿಗೊಂದು ಆಧಾರ. ಹಲ್ಲು ಕಚ್ಚಿಕೊಂಡು ಮತ್ತೆ ಅದೇ ಗೆರೆ ಎಳೆದೆ.

ಸಾಹೇಬರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

“ಇನ್ನೊಂಚೂರು ಅಗಲ ಮಾಡ್ರಿ,” ಎಂದರು. “ಹಳ್ಳ ದೊಡ್ಡದಿದ್ದಷ್ಟೂ ನಮ್ಮ ಬಿಲ್ಲೂ ದೊಡ್ಡದಾಗ್ತದ.”