ಪಡಸಾಲೆಯ ಪೆಟ್ಟಿಗೆ ಮತ್ತು ಅತ್ತೆಯ ಮೊಸರು

ಮುನವಳ್ಳಿಯ ಹೊಲದ ಬಾವಿಗೆ ನನ್ನವರ ಫೋನು ಬಿದ್ದ ದಿನ, ಅದರೊಳಗಿದ್ದ ಮಗಳ ಮೊದಲ ಎರಡು ವರ್ಷದ ಫೋಟೊಗಳೂ ಮುಳುಗಿಹೋದವು. ಇನ್ನೊಮ್ಮೆ ಹೀಗಾಗಬಾರದೆಂದು ನಾನು ಹಟ ಹಿಡಿದೆ. ಬೈಲಹೊಂಗಲದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ವೈರು, ಸ್ಕ್ರೂ ಕಂಡರೆ ಕೈ ಸುಮ್ಮನಿರುವುದಿಲ್ಲ. ಎರಡು ಹಾರ್ಡ್ ಡಿಸ್ಕ್ ಹಿಡಿಸುವ ಚಿಕ್ಕದೊಂದು ಪೆಟ್ಟಿಗೆ ತರಿಸಿ, ಒಂದು ರವಿವಾರ ಪಡಸಾಲೆಯ ಮೂಲೆಯಲ್ಲಿದ್ದ ವೈಫೈ ಡಬ್ಬಿಗೆ ಜೋಡಿಸಿದೆ. ಮನೆಯ ಯಾವ ಫೋನಿನಲ್ಲಿ ಫೋಟೊ ತೆಗೆದರೂ ತಾನಾಗಿಯೇ ಅದರೊಳಗೆ ಹೋಗಿ ಕೂರುತ್ತದೆ. ಬೇಕೆಂದಾಗ ಟಿವಿಯಲ್ಲಿ ನೋಡಬಹುದು.

ಅತ್ತೆ ಜೋಳ ಹಸನು ಮಾಡುತ್ತ ನೋಡುತ್ತಿದ್ದರು. "ಎರಡೆರಡು ಡಿಸ್ಕ್ ಯಾಕ ಬೇಕವಾ?"

"ಎರಡರಾಗೂ ಅದ ಇರತೈತ್ರಿ ಅತ್ಯಾರ. ಒಂದು ಕೆಟ್ಟರ ಇನ್ನೊಂದರಾಗ ಉಳೀತೈತಿ."

"ಹಂಗನ್ನು. ನಮ್ಮಪ್ಪ ಬೀಜದ ಜ್ವಾಳ ನಮ್ಮನ್ಯಾಗ ಒಂದಿಷ್ಟು, ಕಾಕಾನ ಮನ್ಯಾಗ ಒಂದಿಷ್ಟು ಇಡತಿದ್ದ."

ಹತ್ತು ನಿಮಿಷ ವಿವರಿಸಲು ಸಿದ್ಧಳಾಗಿದ್ದೆ. ಅವರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು.

ಚಳಿಗಾಲ ಬಂತು. ಓಣಿಯವರೆಲ್ಲ ಹಾಲು ಹೆಪ್ಪುಗಟ್ಟುತ್ತಿಲ್ಲವೆಂದು ಗೊಣಗುವಾಗ ನಮ್ಮ ಮನೆಯ ಮೊಸರು ಮಾತ್ರ ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಕಾರಣ ತಿಳಿದದ್ದು ಒಂದು ಮಧ್ಯಾಹ್ನ, ಪೆಟ್ಟಿಗೆ ಬೀಪ್ ಬೀಪ್ ಎಂದು ಕೂಗಿದಾಗ. ಅದರ ಮೇಲೆ ಹಾಲಿನ ಗಡಿಗೆ, ಎರಡರ ಸುತ್ತಲೂ ಹಳೆಯ ಕೌದಿ. ಗಾಳಿಯಾಡುವ ತೂತುಗಳೆಲ್ಲ ಮುಚ್ಚಿ ಒಂದು ಡಿಸ್ಕ್ ಕಾದು ಕೆಟ್ಟಿತ್ತು.

"ಬೆಚ್ಚಗಿತ್ತಲ್ಲವಾ, ಅದಕ್ಕ ಇಟ್ಟೆ." ಅತ್ತೆಯ ಮುಖ ಸಣ್ಣದಾಯಿತು. "ಎಲ್ಲಾ ಹೋತೇನು?"

"ಕಾಕಾನ ಮನ್ಯಾಗಿಂದು ಐತಲ್ರಿ," ಅಂದೆ. ಗಡಿಗೆ ಇಳಿಸಿ ಕೌದಿ ತೆಗೆದೆ.

ಬೆಳಗಾವಿಯಿಂದ ಹೊಸ ಡಿಸ್ಕ್ ಬಂತು. ಹಾಕಿದ ಮೇಲೆ ಉಳಿದಿದ್ದ ಡಿಸ್ಕಿನಿಂದ ಹೊಸದಕ್ಕೆ ಎಲ್ಲ ನಕಲಾಗಲು ಇಡೀ ದಿನ ಹಿಡಿಯಿತು. ಅತ್ತೆ ರೊಟ್ಟಿ ಬಡಿಯುವುದು ಬಿಟ್ಟು ಬಿಟ್ಟು ಬಂದು, "ಎಷ್ಟಾತು?" ಎಂದು ಕೇಳಿದರು. ಸಂಜೆಗೆ ನೂರಕ್ಕೆ ನೂರು. ಒಂದೂ ಕಳೆದಿರಲಿಲ್ಲ.

ಟಿವಿ ಹಚ್ಚಿದಾಗ ಮೊದಲು ಕಂಡದ್ದು ಹೋದ ವರ್ಷ ನಾನೇ ತೆಗೆದ ವಿಡಿಯೊ. ಅತ್ತೆಯೂ ತೊರಗಲ್ಲಿನ ಅವರ ತಂಗಿಯೂ ಬೀಸುವ ಪದ ಹಾಡುತ್ತ, ನಡುವೆ ಸಾಲು ಮರೆತು, ಬಿದ್ದು ಬಿದ್ದು ನಗುತ್ತಿದ್ದರು. ಅತ್ತೆ ತಕ್ಷಣ ತಂಗಿಗೆ ಫೋನು ಹಚ್ಚಿದರು: "ನಾವಿಬ್ರೂ ಟೀವ್ಯಾಗ ಬಂದೇವಿ. ನಾಳಿ ಮೊದಲನೇ ಬಸ್ಸಿಗೆ ಬಾ!"

ತಂಗಿ ಬಂದೇ ಬಂದರು. ಮೂರು ಸಲ ನೋಡಿದರು. "ಅಕ್ಕಾ, ಸಾಲು ಮರತಾಕಿ ನೀನು," ಎಂದು ಜಗಳ ತೆಗೆದರು. ನಾಲ್ಕನೇ ಸಲ ನೋಡಿದರೆ ಇಬ್ಬರೂ ಕೂಡಿಯೇ ಮರೆತಿದ್ದರು. ಹಾಗಾದರೆ ಇನ್ನೊಮ್ಮೆ ತೆಗಿ ಎಂದು ಇಬ್ಬರೂ ಬೀಸುಕಲ್ಲಿನ ಮುಂದೆ ಕುಳಿತರು. ಈ ಸಲ ಒಂದಕ್ಷರವೂ ತಪ್ಪಲಿಲ್ಲ. ಅದನ್ನು ನೋಡಿ ಮುಗಿಸಿ ಅಕ್ಕ ತಂಗಿ ಮುಖ ಮುಖ ನೋಡಿಕೊಂಡರು.

"ಮೊದಲಿನದ ಛಲೋ ಇತ್ತು," ಅಂದರು ಅತ್ತೆ.

ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ.